ಶಾಲೆಯ ಪಂಕ್ತಿಭೇದ: ಎರಡು ಚಿತ್ರಗಳು, ಒಂದು ಬೆಂಚು

ಜೂನ್ ತಿಂಗಳ ಮೊದಲಲ್ಲಿ, ಮಳೆಯ ಜೊತೆಜೊತೆಗೇ ಕೇರಳದ ಶಾಲೆಗಳು ತೆರೆಯುತ್ತವೆ. ಕೊಡೆ, ಹೊಸ ಚೀಲ, ಪುಸ್ತಕಕ್ಕೆ ಬೈಂಡು ಹಾಕುವ ಗಡಿಬಿಡಿಯೆಲ್ಲ ಮುಗಿದು, ಮಗು ಮೊದಲ ದಿನ ನೆನೆದುಕೊಂಡು ಮನೆಗೆ ಬಂದಾಗ ನಾವು ಹಿರಿಯರು ಕೇಳುವ ಪ್ರಶ್ನೆ ಒಂದೇ: “ಇವತ್ತು ಏನು ಪಾಠ ಮಾಡಿದರು?” ಮಗುವಿನ ಮನಸ್ಸಿನಲ್ಲಿರುವುದು ಬೇರೆಯೇ. ತನ್ನ ಪಕ್ಕದಲ್ಲಿ ಯಾರು ಕುಳಿತರು, ಬುತ್ತಿ ಬಿಚ್ಚಿದಾಗ ಯಾರು ಹತ್ತಿರ ಬಂದರು, ಆಟದ ಹೊತ್ತಿನಲ್ಲಿ ಯಾರಾದರೂ ತನ್ನನ್ನು ಹೆಸರು ಹಿಡಿದು ಕರೆದರೇ ಎಂಬುದೇ ಅದರ ಆ ದಿನದ ಪಾಠ. ಊರು ಬಿಟ್ಟು ಬಂದ ನಮ್ಮಂಥವರ ಮಕ್ಕಳಿಗಂತೂ ಈ ಪಾಠ ಎಲ್ಲಕ್ಕಿಂತ ಕಠಿಣವಾದದ್ದು.

ಈ ವಿಷಯವನ್ನು ಕುರಿತು ಬಹಳ ದಿನಗಳಿಂದ ಮನಸ್ಸಿನಲ್ಲಿದ್ದ ಕೆಲವು ಮಾತುಗಳನ್ನು ಎರಡು ಚಲನಚಿತ್ರಗಳ ನೆಪದಲ್ಲಿ ವಾಚಕರ ಮುಂದಿಡುತ್ತಿದ್ದೇವೆ. ಒಂದು ಕನ್ನಡದ್ದು, ಇನ್ನೊಂದು ಮಲಯಾಳಂನದು. ಎರಡೂ ಶಾಲೆಯ ಕಥೆಗಳು, ಎರಡರಲ್ಲೂ ಮಕ್ಕಳೇ ಮುಖ್ಯ ಪಾತ್ರಗಳು. ಎರಡನ್ನೂ ನಮ್ಮ ಸಂಘದ ಅನೇಕ ಕುಟುಂಬಗಳು ನೋಡಿರಬಹುದು. ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಿದರೆ, ಒಂದು ಕಾಣದ್ದನ್ನು ಇನ್ನೊಂದು ಕಂಡಿದೆ, ಎರಡೂ ಕಾಣದ್ದು ಒಂದು ಉಳಿದಿದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಕನ್ನಡ ಚಿತ್ರ. ರಿಷಬ್ ಶೆಟ್ಟಿಯವರ ನಿರ್ದೇಶನದ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ತೆರೆಕಂಡದ್ದು 2018ರ ಆಗಸ್ಟ್‌ನಲ್ಲಿ. ಆ ವರ್ಷದ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಬಂದಿತು. ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಮಲಯಾಳಿ ಗಣಿತ ಮೇಷ್ಟರು ನೇಮಕವಾಗಿ ಬರುವುದು, ಮಕ್ಕಳು ತಿರುಗಿಬೀಳುವುದು, ಶಾಲೆಯನ್ನೇ ಮುಚ್ಚುವ ಹುನ್ನಾರ, ಮೈಸೂರಿನಿಂದ ಬರುವ ಅನಂತಪದ್ಮನಾಭ ಎಂಬ ಹಿರಿಯರು, ಕೊನೆಗೆ ನ್ಯಾಯಾಲಯದ ವಾದ, ಇಷ್ಟು ಕಥೆ. ಅನಂತನಾಗ್ ಅವರ ಅಭಿನಯವನ್ನು ಹೊಗಳಲು ನಾವು ಬೇಕಿಲ್ಲ. ಮಕ್ಕಳ ಬಾಯಲ್ಲಿನ ಕರಾವಳಿ ಕನ್ನಡ, ಮಮ್ಮೂಟಿ ಎಂದು ಕರೆಸಿಕೊಳ್ಳುವ ಪೋರನ ತುಂಟತನ, ಕೊಡೆ ಹಿಡಿದು ಗದ್ದೆಯಂಚಿನಲ್ಲಿ ನಡೆಯುವವರ ಚಿತ್ರಗಳು ಊರು ಬಿಟ್ಟವರ ಕಣ್ಣನ್ನು ಒದ್ದೆ ಮಾಡುತ್ತವೆ.

ಕಥೆಯ ಹಿನ್ನೆಲೆ ಕಟ್ಟುಕಥೆಯಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ನದಿಯ ಉತ್ತರ ಭಾಗವನ್ನು ಕನ್ನಡನಾಡಿಗೆ ಕೊಡಬೇಕೆಂದು ಹೇಳಿದರೂ ಅದು ಜಾರಿಗೆ ಬರಲಿಲ್ಲ. ಕೈಯಾರ ಕಿಞ್ಞಣ್ಣ ರೈಗಳಂಥವರು ಜೀವಮಾನವಿಡೀ ಆ ನೋವನ್ನು ಹೊತ್ತು ತಿರುಗಿದರು. ಕನ್ನಡ ಶಾಲೆಗಳಿಗೆ ಕನ್ನಡ ತಿಳಿಯದ ಶಿಕ್ಷಕರನ್ನು ಹಾಕಿದಾಗ ಅಲ್ಲಿಯ ಮಕ್ಕಳು ಮತ್ತು ಪೋಷಕರು ನಿಜವಾಗಿಯೂ ಪ್ರತಿಭಟಿಸಿದ್ದಾರೆ. ಆದ್ದರಿಂದ ಚಿತ್ರದ ಸಿಟ್ಟು ನ್ಯಾಯವಾದ ಸಿಟ್ಟು. ತಾಯ್ನುಡಿಯಲ್ಲಿ ಲೆಕ್ಕ ಕಲಿಯುವ ಹಕ್ಕನ್ನು ಮಗು ಯಾರ ಬಳಿಯೂ ಬೇಡಬೇಕಾಗಿಲ್ಲ.

ಹೀಗಿದ್ದರೂ ಎರಡನೆಯ ಸಲ ನೋಡಿದಾಗ ನಮಗೆ ಒಂದು ಕೊರತೆ ಕಂಡಿತು. ಈ ಚಿತ್ರದಲ್ಲಿ ಶಾಲೆ ಒಂದು ಕೋಟೆ. ಅಪಾಯವೆಲ್ಲ ಹೊರಗಿನಿಂದ ಬರುತ್ತದೆ. ಗೋಡೆಯೊಳಗಿನ ಮಕ್ಕಳೆಲ್ಲ ಒಂದೇ. ನಪಾಸಾಗಿ ಅದೇ ತರಗತಿಯಲ್ಲಿ ಉಳಿದ ಪ್ರವೀಣನನ್ನು ಚಿತ್ರ ಪ್ರೀತಿಯಿಂದಲೇ ನೋಡುತ್ತದೆ. ದಡ್ಡ ಎಂಬ ಮಾತಿನ ಮೇಲೆ ಒಂದು ಹಾಡೂ ಇದೆ. ಆದರೆ ತನಗಿಂತ ಚಿಕ್ಕವರ ನಡುವೆ, ಅದೇ ಬೆಂಚಿನಲ್ಲಿ ಮತ್ತೆ ಕುಳಿತುಕೊಳ್ಳುವ ಹುಡುಗನಿಗೆ ಒಳಗೆ ಏನಾಗುತ್ತದೆ? ಆ ಪ್ರಶ್ನೆ ನಗೆಯಲ್ಲಿ ತೇಲಿಹೋಗುತ್ತದೆ. ಪಾಪ, ಆ ಮಲಯಾಳಿ ಮೇಷ್ಟರು! ಸರ್ಕಾರ ಎಲ್ಲಿಗೆ ಹಾಕಿತೋ ಅಲ್ಲಿಗೆ ಬಂದ ನೌಕರ ಅವರು. ಇಡೀ ಕೋಣೆಯಲ್ಲಿ ಭಾಷೆ ಬಾರದವರು ಅವರೊಬ್ಬರೇ. ಚಿತ್ರ ಅವರನ್ನು ನಗಲಿಕ್ಕೆ ಮಾತ್ರ ಬಳಸಿಕೊಂಡಿದೆ. ವರ್ಗಾವಣೆಯ ಆದೇಶವನ್ನು ಕೈಯಲ್ಲಿ ಹಿಡಿದು ಭಾಷೆ ತಿಳಿಯದ ಊರಿಗೆ ಇಳಿದ ಅನುಭವವಿರುವ ನಮ್ಮಂಥ ಗುಮಾಸ್ತರಿಗೆ ಆ ನಗೆಯಲ್ಲಿ ಪೂರ್ತಿ ಪಾಲುಗೊಳ್ಳಲು ಆಗಲಿಲ್ಲ. ಕೊನೆಯಲ್ಲಿ ಹಿರಿಯರೊಬ್ಬರ ಭಾಷಣದಿಂದ ಎಲ್ಲವೂ ತೀರ್ಮಾನವಾಗಿಬಿಡುತ್ತದೆ. ಅಲ್ಲಿಯವರೆಗೆ ಓಡಾಡಿದ ಮಕ್ಕಳು ಆ ಹೊತ್ತಿಗೆ ಬರಿಯ ಪ್ರೇಕ್ಷಕರಾಗಿ ಉಳಿಯುತ್ತಾರೆ.

ಈ ಕೊರತೆ ನಮ್ಮ ಕಣ್ಣಿಗೆ ಬೀಳಲು ಮನೆಯ ಅನುಭವವೇ ಕಾರಣವೆಂದು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ವರ್ಗವಾಗಿ ತಿರುವನಂತಪುರಕ್ಕೆ ಬಂದಾಗ ಮಗಳನ್ನು ಇಲ್ಲಿಯ ಒಂದು ಶಾಲೆಗೆ ಆರನೆಯ ತರಗತಿಗೆ ಸೇರಿಸಿದೆವು. ಮೂರನೆಯ ದಿನವೋ ನಾಲ್ಕನೆಯ ದಿನವೋ, ಊಟದ ಬಿಡುವಿನಲ್ಲಿ ಪಕ್ಕದ ಹುಡುಗಿ ಡಬ್ಬಿಯತ್ತ ಬೆರಳು ತೋರಿಸಿ ಏನೋ ಕೇಳಿದಳಂತೆ. ಮಗು ಸಂತೋಷದಿಂದ “ತಿಂಡಿ” ಎಂದಿತು. ಮಲಯಾಳಂ ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಆ ಭಾಷೆಯಲ್ಲಿ ‘ತೆಂಡಿ’ ಎಂದರೆ ಭಿಕಾರಿ, ಬೈಗುಳವೂ ಹೌದು. ಇಡೀ ಸಾಲು ನಕ್ಕಿತು. ಮರುದಿನದಿಂದ ಅದೇ ಅವಳ ಹೆಸರಾಯಿತು. ಎರಡು ತಿಂಗಳು ಅವಳು ಕೈತೊಳೆಯುವ ನಲ್ಲಿಯ ಪಕ್ಕದಲ್ಲಿ ಒಬ್ಬಳೇ ನಿಂತು ಉಂಡಳೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ, ಅದೂ ಡಬ್ಬಿಯಲ್ಲಿ ಚಪಾತಿ ಉಳಿದು ಬರತೊಡಗಿದ ಮೇಲೆ. ಶಾಲೆಯವರು ಅವಳಿಗೆ ಯಾವ ಅನ್ಯಾಯವನ್ನೂ ಮಾಡಿರಲಿಲ್ಲ. ಪ್ರವೇಶ ಕೊಟ್ಟಿದ್ದರು, ಬೆಂಚು ಕೊಟ್ಟಿದ್ದರು, ಹಾಜರಿ ಪುಸ್ತಕದಲ್ಲಿ ಹೆಸರಿತ್ತು. ಕೊರತೆಯಾಗಿದ್ದದ್ದು ಹಾಜರಿ ಪುಸ್ತಕದಲ್ಲಿ ಬರೆಯಲಾಗದ ಒಂದು ವಸ್ತು.

ಹಿರಿಯರ ಕಾಲದಲ್ಲಿ ಊಟದ ಮನೆಯಲ್ಲಿ ಪಂಕ್ತಿಭೇದವೆಂಬುದಿತ್ತು. ಎಲ್ಲರಿಗೂ ಎಲೆ ಹಾಕುತ್ತಿದ್ದರು, ಆದರೆ ಯಾರ ಎಲೆ ಎಲ್ಲಿ, ಯಾರ ಪಕ್ಕದಲ್ಲಿ ಎಂಬುದರಲ್ಲೇ ಎಲ್ಲ ಇತ್ತು. ಶಾಲೆಯಲ್ಲೂ ಒಂದು ಪಂಕ್ತಿಭೇದವಿದೆ. ಅದನ್ನು ಬಡಿಸುವವರು ಮಾಡುವುದಕ್ಕಿಂತ ಪಕ್ಕದಲ್ಲಿ ಕೂರುವವರೇ ಹೆಚ್ಚಾಗಿ ಮಾಡುತ್ತಾರೆ.

ಈ ಒಳಗಿನ ಪಂಕ್ತಿಯನ್ನು ಕಣ್ಣಿಗೆ ಹಿಡಿದ ಚಿತ್ರವೆಂದರೆ ‘ಸ್ಥಾನಾರ್ಥಿ ಶ್ರೀಕುಟ್ಟನ್’. ‘ಸ್ಥಾನಾರ್ಥಿ’ ಎಂದರೆ ಮಲಯಾಳಂನಲ್ಲಿ ಚುನಾವಣೆಯ ಅಭ್ಯರ್ಥಿ. ವಿನೇಶ್ ವಿಶ್ವನಾಥ್ ಎಂಬ ಹೊಸ ನಿರ್ದೇಶಕರ ಈ ಚಿತ್ರ 2024ರ ನವೆಂಬರ್ ಕೊನೆಯಲ್ಲಿ ಬಿಡುಗಡೆಯಾಯಿತು. ಏಳನೆಯ ತರಗತಿಯ ಹಿಂದಿನ ಬೆಂಚಿನ ಹುಡುಗ ಶ್ರೀಕುಟ್ಟನ್, ಮುಂದಿನ ಬೆಂಚಿನ ಜಾಣ ಅಂಬಾಡಿಯ ಎದುರು ಶಾಲಾ ಚುನಾವಣೆಗೆ ನಿಲ್ಲುತ್ತಾನೆ. ಅಜು ವರ್ಗೀಸ್ ಅಭಿನಯಿಸಿದ ಚಕ್ರಪಾಣಿ ಮೇಷ್ಟರಿಗೆ ಹಿಂದಿನ ಸಾಲಿನವರೆಂದರೆ ತಾತ್ಸಾರ. ಇಲ್ಲಿ ಹೊರಗಿನ ಶತ್ರು ಯಾರೂ ಇಲ್ಲ. ಎಲ್ಲರದೂ ಒಂದೇ ಭಾಷೆ, ಒಂದೇ ಊರು. ಆದರೂ ಕೋಣೆಯ ನಡುವೆ ಒಂದು ಗಡಿಯಿದೆ. ಕಾಸರಗೋಡಿನ ಚಿತ್ರ ರಾಜ್ಯಗಳ ನಡುವಿನ ಗಡಿಯನ್ನು ತೋರಿಸಿದರೆ, ಈ ಚಿತ್ರ ಎರಡನೆಯ ಬೆಂಚಿಗೂ ಕೊನೆಯ ಬೆಂಚಿಗೂ ನಡುವಿನ ಗಡಿಯನ್ನು ತೋರಿಸಿತು. ದೊಡ್ಡವರ ಚುನಾವಣೆಯ ಅಣಕವನ್ನು ಮಕ್ಕಳಾಟದಲ್ಲಿ ತಂದ ರೀತಿ ಸೊಗಸಾಗಿದೆ. ಮೇಷ್ಟರನ್ನು ಮಾತ್ರ ಸ್ವಲ್ಪ ಹೆಚ್ಚೇ ಕಪ್ಪುಮಸಿಯಲ್ಲಿ ಬರೆದರೆನಿಸಿತು. ಒಬ್ಬ ಮೇಷ್ಟರು ಕೆಟ್ಟವರಾದದ್ದರಿಂದ ಮಾತ್ರ ಮಕ್ಕಳು ಒಬ್ಬರನ್ನೊಬ್ಬರು ದೂರವಿಡುವುದಿಲ್ಲ. ಒಳ್ಳೆಯ ಮೇಷ್ಟರ ತರಗತಿಯಲ್ಲೂ ನಲ್ಲಿಯ ಪಕ್ಕದಲ್ಲಿ ಒಬ್ಬಳೇ ಉಣ್ಣುವ ಹುಡುಗಿ ಇರುತ್ತಾಳೆ.

ಚಿತ್ರದ ಕೊನೆಯಲ್ಲಿ ಬೆಂಚುಗಳನ್ನು ಗೋಡೆಯ ಬದಿಗೆ ಸುತ್ತಲೂ ಸರಿಸಿ ಎಲ್ಲರೂ ಮುಂದಿನ ಬೆಂಚಿನವರೇ ಆಗುವ ದೃಶ್ಯವಿದೆ. ಮುಂದಿನದು ಚಿತ್ರರಂಗದಲ್ಲಿ ಅಪರೂಪಕ್ಕೆ ನಡೆಯುವಂಥದು. ಕೊಲ್ಲಂ ಜಿಲ್ಲೆಯ ವಾಳಕಂನ ಶಾಲೆಯೊಂದು ಮೊದಲುಗೊಂಡು ಕೇರಳದ ಹಲವು ಶಾಲೆಗಳು ತರಗತಿಯನ್ನು ಹಾಗೆಯೇ ಬದಲಾಯಿಸಿದವು. 2025ರಲ್ಲಿ ಪತ್ರಿಕೆಗಳ ತುಂಬ ಇದೇ ಸುದ್ದಿ. ತಮಿಳುನಾಡಿನಲ್ಲೂ ಅದೇ ವರ್ಷ ತಮಿಳಿನ ‘ಪ’ ಅಕ್ಷರದ ಆಕಾರದಲ್ಲಿ ಬೆಂಚು ಜೋಡಿಸಬೇಕೆಂಬ ಸೂಚನೆ ಹೊರಟಿತು. ಕೇರಳದ ಶಿಕ್ಷಣ ಮಂತ್ರಿಯಾಗಿದ್ದ ವಿ. ಶಿವನ್‌ಕುಟ್ಟಿಯವರು ‘ಹಿಂದಿನ ಬೆಂಚು’ ಎಂಬ ಕಲ್ಪನೆಯನ್ನೇ ತೆಗೆದುಹಾಕುವ ಮಾತನ್ನಾಡಿದರು. ಇದು ಪೂರ್ತಿ ಹೊಸದೇನೂ ಅಲ್ಲ. 1990ರ ದಶಕದ ಡಿ.ಪಿ.ಇ.ಪಿ. ಯೋಜನೆಯ ಕಾಲದಲ್ಲಿ ಇಲ್ಲಿಯ ಪ್ರಾಥಮಿಕ ಶಾಲೆಗಳ ಮಕ್ಕಳನ್ನು ಸಾಲು ಬಿಡಿಸಿ ಕೂರಿಸಿದ್ದನ್ನು ಇಲ್ಲಿ ಬೆಳೆದ ನಮ್ಮ ಸಂಘದ ತರುಣರೇ ನೆನಪು ಮಾಡಿಕೊಳ್ಳುತ್ತಾರೆ.

ಈ ಸುಧಾರಣೆಯನ್ನು ಹಗುರವಾಗಿ ನೋಡುವವರು ನಾವಲ್ಲ. ನಲವತ್ತು ಐವತ್ತು ಮಕ್ಕಳಿರುವ ಕೋಣೆಯಲ್ಲಿ ಗೋಡೆಯ ಉದ್ದ ಸಾಲುವುದೇ, ಇಡೀ ದಿನ ಕತ್ತು ತಿರುಗಿಸಿ ಕಪ್ಪುಹಲಗೆಯನ್ನು ನೋಡಿದರೆ ಕತ್ತಿಗೂ ಕಣ್ಣಿಗೂ ತೊಂದರೆಯಾಗದೇ ಎಂಬ ಆಕ್ಷೇಪಣೆಗಳಿಗೆ ಉತ್ತರ ಹುಡುಕಿಕೊಳ್ಳಬಹುದು. ನಮ್ಮ ಆಕ್ಷೇಪಣೆ ಬೇರೆ. ಚಿತ್ರದಲ್ಲಿ ಬೆಂಚು ಕದಲುವ ಮೊದಲು ಮಕ್ಕಳ ನಡುವೆ ಒಂದು ಇಡೀ ಚುನಾವಣೆ ನಡೆದಿದೆ. ಸಿಟ್ಟು, ಅವಮಾನ, ಓಟು ಕೇಳುವುದು, ಇನ್ನೊಬ್ಬನ ಮನಸ್ಸನ್ನು ತಿಳಿಯುವುದು ಎಲ್ಲ ಆಗಿದೆ. ಶಾಲೆಗಳು ಕಥೆಯನ್ನು ಬಿಟ್ಟು ಬೆಂಚನ್ನು ಮಾತ್ರ ಎತ್ತಿಕೊಂಡವು. ಎಣ್ಣೆಯನ್ನೂ ನೀರನ್ನೂ ಉದ್ದನೆಯ ಸೀಸೆಯಿಂದ ಅಗಲ ಪಾತ್ರೆಗೆ ಸುರಿದರೆ ಪಾತ್ರೆಯ ಆಕಾರ ಬದಲಾಗುತ್ತದೆಯೇ ಹೊರತು ಅವು ಬೆರೆಯುವುದಿಲ್ಲ ಎಂಬುದನ್ನು ಪ್ರಯೋಗಶಾಲೆಗೆ ಹೋಗದವರೂ ಬಲ್ಲರು.

ಬೆಂಚಿನ ಮಾತು ಬಂದಾಗ ಇನ್ನೊಂದು ಬೆಂಚನ್ನು ನೆನೆಯದೆ ಮುಂದೆ ಹೋಗಲಾಗದು. ಅದು ತಿರುವನಂತಪುರ ಜಿಲ್ಲೆಯ ಊರೂಟ್ಟಂಬಲಂ ಎಂಬ ಊರಿನ ಶಾಲೆಯಲ್ಲಿದೆ. 1907ರಲ್ಲಿ ಸಾಧುಜನ ಪರಿಪಾಲನ ಸಂಘವನ್ನು ಕಟ್ಟಿದ ಅಯ್ಯಂಕಾಳಿಯವರು, ತಿರುವಾಂಕೂರು ಸರ್ಕಾರದ ಆದೇಶವಿದ್ದರೂ ಶಾಲೆಯ ಬಾಗಿಲು ತೆರೆಯದಿದ್ದಾಗ, 1910ರ ದಶಕದಲ್ಲಿ ಪಂಚಮಿ ಎಂಬ ಪುಲಯರ ಹುಡುಗಿಯ ಕೈಹಿಡಿದು ಆ ಶಾಲೆಗೆ ಕರೆದೊಯ್ದರು. ಆಕೆ ಬೆಂಚಿನ ಮೇಲೆ ಕುಳಿತದ್ದನ್ನು ಸಹಿಸದ ಮೇಲ್ಜಾತಿಯವರು ಶಾಲೆಗೇ ಬೆಂಕಿಯಿಟ್ಟರು. ಅರೆಸುಟ್ಟ ಒಂದು ಬೆಂಚನ್ನು ಇಂದಿಗೂ ಅಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. 2022ರ ಡಿಸೆಂಬರಿನಲ್ಲಿ ಆ ಶಾಲೆಗೆ ಅಯ್ಯಂಕಾಳಿ ಮತ್ತು ಪಂಚಮಿಯ ಹೆಸರನ್ನಿಟ್ಟರು.

ಅಂದು ಬೆಂಚಿಗಾಗಿಯೇ ಹೋರಾಡಬೇಕಾಗಿತ್ತು. ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವ ತನಕ ಗದ್ದೆಗೆ ಇಳಿಯುವುದಿಲ್ಲವೆಂದು ಕೂಲಿಕಾರರು ಮುಷ್ಕರ ಹೂಡಬೇಕಾಗಿತ್ತು. ಆ ತ್ಯಾಗದಿಂದ ಬೆಂಚು ಎಲ್ಲರಿಗೂ ಸಿಕ್ಕಿತು. ಸರ್ಕಾರ ಕೊಡಬಹುದಾದದ್ದು ಅಷ್ಟೇ. ಪಕ್ಕದಲ್ಲಿ ಕುಳಿತವಳು ಸ್ವಲ್ಪ ಸರಿದು “ಬಾ” ಎನ್ನುವುದನ್ನು ಯಾವ ಆದೇಶವೂ ಮಾಡಿಸಲಾರದು. ಹಾಗೆಂದು ಅದು ತಾನಾಗಿ ಆಗಲಿ ಎಂದು ಕೈಕಟ್ಟಿ ಕೂರಬೇಕೇ? ಬೇಕಾಗಿಲ್ಲ. ಅದಕ್ಕೂ ದಾರಿಗಳಿವೆ.

1971ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ಆಸ್ಟಿನ್ ನಗರದಲ್ಲಿ ಕರಿಯರ, ಬಿಳಿಯರ ಮಕ್ಕಳು ಮೊದಲ ಬಾರಿಗೆ ಒಂದೇ ಕೋಣೆಯಲ್ಲಿ ಕುಳಿತಾಗ ದಿನವೂ ಹೊಡೆದಾಟವಾಗುತ್ತಿತ್ತು. ಎಲಿಯಟ್ ಆರನ್‌ಸನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಸರಳ ಉಪಾಯ ಹೂಡಿದರು. ಪಾಠವನ್ನು ಐದಾರು ತುಂಡು ಮಾಡಿ, ಗುಂಪಿನ ಒಬ್ಬೊಬ್ಬ ಮಗುವಿಗೆ ಒಂದೊಂದು ತುಂಡನ್ನು ಮಾತ್ರ ಕೊಟ್ಟರು. ಪೂರ್ತಿ ಪಾಠ ತಿಳಿಯಬೇಕಾದರೆ ಪ್ರತಿಯೊಬ್ಬರೂ ಉಳಿದವರ ಮಾತನ್ನು ಕಿವಿಗೊಟ್ಟು ಕೇಳಲೇಬೇಕು. ತಡವರಿಸುವ ಹುಡುಗನನ್ನು ಅಣಕಿಸಿದರೆ ನಷ್ಟ ಅಣಕಿಸಿದವನಿಗೇ. ಕೆಲವೇ ವಾರಗಳಲ್ಲಿ ಕೋಣೆಯ ವಾತಾವರಣ ಬದಲಾಯಿತು. ಒಬ್ಬರಿಗೊಬ್ಬರು ಬೇಕಾಗುವಂತೆ ಕೆಲಸವನ್ನು ಹಂಚುವುದೇ ಇದರ ಗುಟ್ಟು.

ನಮ್ಮ ಕಣ್ಣೆದುರಿಗಿನ ಉದಾಹರಣೆ ಕೊಚ್ಚಿಯ ಕಡೆಯದು. ಎರ್ನಾಕುಳಂ ಜಿಲ್ಲೆಯಲ್ಲಿ ಬಂಗಾಳ, ಒಡಿಶಾ, ಬಿಹಾರಗಳಿಂದ ಕೂಲಿಗೆ ಬಂದವರ ಮಕ್ಕಳಿಗಾಗಿ 2017ರಲ್ಲಿ ‘ರೋಶ್ನಿ’ ಎಂಬ ಯೋಜನೆ ಆರಂಭವಾಯಿತು. ಶಾಲೆಯ ಗಂಟೆ ಹೊಡೆಯುವ ಮೊದಲೇ ಬೆಳಗಿನ ಉಪಾಹಾರ ಕೊಟ್ಟು, ಮಗುವಿನ ಮನೆಮಾತನ್ನು ಬಲ್ಲ ಸ್ವಯಂಸೇವಕರು ಆ ಮಾತಿನಿಂದಲೇ ಮಲಯಾಳಂಗೆ ಮೆಟ್ಟಿಲು ಕಟ್ಟಿಕೊಟ್ಟರು. ಇದರಲ್ಲಿ ನಮಗೆ ಬಹಳ ಮೆಚ್ಚಿಗೆಯಾದದ್ದು, ಮಗುವಿನ ಭಾಷೆಯನ್ನು ಕಿತ್ತುಹಾಕದೆ ಅದನ್ನೇ ಏಣಿ ಮಾಡಿಕೊಂಡದ್ದು. ಹಾಗೆ ಮಾಡಿದಾಗ ಆ ಮಗು ಬೆಂಚಿಗೆ ಬರಿಗೈಯಲ್ಲಿ ಬರುವುದಿಲ್ಲ, ತನ್ನದೊಂದನ್ನು ಹಿಡಿದುಕೊಂಡೇ ಬರುತ್ತದೆ.

ನಮ್ಮ ಮಗಳ ಕಥೆಯೂ ಹೀಗೆಯೇ ತಿರುಗಿತು. ಶಾಲೆಯ ಶಾಸ್ತ್ರಮೇಳಕ್ಕೆ ನಾಲ್ವರ ತಂಡ ಬೇಕಾಗಿತ್ತು. ಚಿತ್ರ ಬಿಡಿಸುವ ಕೈ ಇವಳದು. ಮಳೆನೀರು ಕೊಯ್ಲಿನ ಮಾದರಿಯನ್ನು ಮಾಡಲು ನಾಲ್ವರೂ ಹದಿನೈದು ದಿನ ನಮ್ಮ ಮನೆಯ ನೆಲದ ಮೇಲೆ ರಟ್ಟು, ಅಂಟು ಹರಡಿಕೊಂಡು ಕುಳಿತರು. ಮನೆಯಾಕೆ ಮಾಡಿಕೊಟ್ಟ ಅವಲಕ್ಕಿಯನ್ನು ತಿನ್ನುತ್ತ ಅವರಲ್ಲೊಬ್ಬಳು “ಆಂಟೀ, ತಿಂಡಿ ಚೆನ್ನಾಗಿದೆ” ಎಂದಳು. ಆ ಪದ ಅಂದು ತನ್ನ ಅರ್ಥಕ್ಕೆ ಮರಳಿತು.

ಆದರೆ ಇಲ್ಲಿಗೆ ಮುಗಿಸಿದರೆ ನಾವೂ ಚಲನಚಿತ್ರದವರಂತೆ ಸುಖಾಂತ ಮಾಡಿದಂತಾದೀತು. ಸ್ನೇಹಿತೆಯರು ಸಿಕ್ಕ ಮರುವರ್ಷ ಪೋಷಕರ ಸಭೆಗೆ ಹೋದಾಗ ಮಗಳು ನಮ್ಮ ತೋಳು ಜಗ್ಗಿ ಮೆಲ್ಲಗೆ ಹೇಳಿದಳು: “ಅಪ್ಪಾ, ಇಲ್ಲಿ ಕನ್ನಡದಲ್ಲಿ ಜೋರಾಗಿ ಮಾತಾಡಬೇಡಿ.” ನಾವು ಹೇಳಿದ ‘ಎರಡೂ ಕಾಣದ್ದು’ ಇದು. ಕಾಸರಗೋಡಿನ ಚಿತ್ರದಲ್ಲಿ ಕನ್ನಡವನ್ನು ಹೊರಗಿನವರು ಕಿತ್ತುಕೊಳ್ಳಲು ಬರುತ್ತಾರೆ. ಆದ್ದರಿಂದ ಘೋಷಣೆ ಕೂಗಬಹುದು, ನ್ಯಾಯಾಲಯಕ್ಕೆ ಹೋಗಬಹುದು. ಶ್ರೀಕುಟ್ಟನ್ ಚಿತ್ರದಲ್ಲಿ ಬದಲಾಗಬೇಕಾದದ್ದು ಕೋಣೆ ಮಾತ್ರ. ಮಗು ತಾನಾಗಿಯೇ, ಸಂತೋಷದಿಂದಲೇ, ಗೆಳತಿಯರ ಸಾಲಿನಲ್ಲಿ ಜಾಗಕ್ಕಾಗಿ ತನ್ನ ಮಾತನ್ನು ಬಾಗಿಲ ಹೊರಗೆ ಚಪ್ಪಲಿಯಂತೆ ಬಿಟ್ಟು ಒಳಗೆ ಹೋಗುವುದನ್ನು ಎರಡು ಚಿತ್ರಗಳೂ ಕಂಡಿಲ್ಲ. ಅಲ್ಲಿ ಯಾರ ಮೇಲೆ ದಾವೆ ಹೂಡೋಣ? ಯಾವ ಬೆಂಚನ್ನು ಸರಿಸೋಣ? ಪರನಾಡಿನ ಕನ್ನಡಿಗರ ಮನೆಮನೆಯಲ್ಲಿ ನಡೆಯುವ ಈ ಕಥೆಯನ್ನು ಹೇಳುವ ಚಿತ್ರಕ್ಕಾಗಿ, ಕಾದಂಬರಿಗಾಗಿ ನಾವು ಕಾಯುತ್ತಿದ್ದೇವೆ.

ಇದನ್ನೆಲ್ಲ ಬರೆದ ಮೇಲೆ ನಮ್ಮ ಎಲೆಯನ್ನೂ ಒಮ್ಮೆ ನೋಡಿಕೊಳ್ಳುವುದು ನ್ಯಾಯ. ಒಂದು ರಾಜ್ಯೋತ್ಸವದ ಮಕ್ಕಳ ನಾಟಕಕ್ಕೆ ಪಾತ್ರ ಹಂಚಿದವರು ನಾವೇ. ತಾತನ ಕಾಲದಲ್ಲಿ ಉಡುಪಿಯ ಕಡೆಯಿಂದ ಹೋಟೆಲು ನಡೆಸಲು ಬಂದು ಇಲ್ಲಿಯೇ ನೆಲೆಯೂರಿದ ಮನೆಯ ಒಬ್ಬ ಹುಡುಗ ಆಸೆಯಿಂದ ಬಂದಿದ್ದ. ಅವನ ‘ಹೋಗೋಣ’ ಎಂಬುದು ಪ್ರತಿಸಲವೂ ‘ಪೋಗಾಂ’ ಆಗುತ್ತಿತ್ತು. ಉಳಿದ ಮಕ್ಕಳು ಮುಸಿಮುಸಿ ನಕ್ಕರು. ನಾವು ಅವರನ್ನು ಗದರಿಸಲಿಲ್ಲ. ಹೊತ್ತು ಕಡಿಮೆಯಿದೆಯೆಂದು ಅವನಿಗೆ ಮರದ ಪಾತ್ರ ಕೊಟ್ಟೆವು. ಇಪ್ಪತ್ತು ನಿಮಿಷ ಎರಡು ಕೈಯಲ್ಲೂ ಸೊಪ್ಪಿನ ಕೊಂಬೆ ಹಿಡಿದು ಅವನು ಅಲುಗಾಡದೆ ನಿಂತ. ಕಾರ್ಯಕ್ರಮ ಮುಗಿದ ಮೇಲೆ ಅವನ ತಾಯಿ ಬಂದು, “ಹುಡುಗ ಚೆನ್ನಾಗಿ ನಿಂತಿದ್ದ ಅಲ್ಲವಾ ಸಾರ್?” ಎಂದು ಕೇಳಿದರು. ಹೌದೆಂದೆವು. ಆ ಹುಡುಗ ಮತ್ತೆ ನಮ್ಮ ಭಾನುವಾರದ ಕನ್ನಡ ತರಗತಿಗೆ ಬರಲಿಲ್ಲ.

‘ತಿಂಡಿ’ ಎಂದದ್ದಕ್ಕೆ ಒಂದು ತರಗತಿ ನಕ್ಕಿತೆಂದು ನೊಂದುಕೊಂಡ ನಾವೇ ‘ಪೋಗಾಂ’ ಎಂದವನನ್ನು ಹಿಂದಿನ ಬೆಂಚಿಗೆ ಕಳಿಸಿದೆವು. ಶಾಲೆಯಲ್ಲಿ ಕನ್ನಡದ ಮಗು, ಸಂಘದಲ್ಲಿ ಮಲಯಾಳಂ ಬೆರೆಸುವ ಮಗು ಎಂದಾದರೆ, ಆ ಹುಡುಗನಿಗೆ ಎಲೆ ಹಾಕುವ ಪಂಕ್ತಿ ಯಾವುದು?

ಕಾಸರಗೋಡಿನ ಚಿತ್ರದ ಉದ್ದನೆಯ ಹೆಸರಿನಲ್ಲಿ ‘ಕೊಡುಗೆ’ ಎಂಬ ಪದವಿದೆ. ಹಳ್ಳಿಯ ಶಾಲೆಗಳ ಬೀರು, ಬೆಂಚುಗಳ ಮೇಲೆ ಬರೆಸುವಂಥದು. ಬೆಂಚು ಕೊಡುವವರು ಇಂದು ಬೇಕಾದಷ್ಟು ಮಂದಿ ಇದ್ದಾರೆ. ಬರುವ ನಾಟಕದಲ್ಲಿ ಒಬ್ಬ ಹುಡುಗ “ಪೋಗಾಂ” ಎಂದೇ ಮಾತಾಡುವ ಪಾತ್ರವೊಂದನ್ನು ಬರೆದುಕೊಡುವವರು ಯಾರಾದರೂ ನಮ್ಮ ವಾಚಕರಲ್ಲಿದ್ದರೆ ಮುಂದೆ ಬರಬೇಕೆಂದು ಕೋರುತ್ತೇವೆ. ಆ ತಾಯಿಯ ಮನೆಗೆ ಹೋಗಿ ಹುಡುಗನನ್ನು ಕರೆದು ತರುವ ಕೆಲಸ ನಮ್ಮದಿರಲಿ.